ಟಾಮಿ ಹರ್ನ್ಸ್‌ಗೆ ಆ ಗುದ್ದು ಎಲ್ಲಿಂದ ಬಂತು?

163 ಪಂದ್ಯ, 155 ಗೆಲುವು, 8 ಸೋಲು. ಅಮೆರಿಕದ ಡೆಟ್ರಾಯಿಟ್ ನಗರದ ಥಾಮಸ್ ಹರ್ನ್ಸ್ ಅಮೆಚೂರ್, ಅಂದರೆ ಹವ್ಯಾಸಿ ಬಾಕ್ಸಿಂಗಿಗೆ ಕೈಮುಗಿದು ಹೊರಬಂದಾಗ ಅವನ ಖಾತೆಯಲ್ಲಿದ್ದದ್ದು ಇಷ್ಟು. ಯಾರೂ ಮೂಗು ಮುರಿಯುವ ಲೆಕ್ಕವಲ್ಲ ಇದು. ಆದರೆ ಆ 155ರಲ್ಲಿ ಎದುರಾಳಿಯನ್ನು ಮಲಗಿಸಿ ಗೆದ್ದದ್ದು ಒಂದು ಡಜನ್ ಆಸುಪಾಸು, ಅಷ್ಟೆ. ಮಿಕ್ಕಿದ್ದರಲ್ಲಿ ಬಹುಪಾಲು ಪಾಯಿಂಟ್ ಗೆಲುವು. ಉದ್ದ ಕೈ, ಚುರುಕು ಕಾಲು, ಹಗುರ ಗುದ್ದು. ಅಂಥ ಹುಡುಗರು ಪ್ರತಿ ಊರಿನ ಬಾಕ್ಸಿಂಗ್ ಕ್ಲಬ್ಬಿನಲ್ಲೂ ಒಬ್ಬರಾದರೂ ಇರುತ್ತಾರೆ.

1977ರ ನವೆಂಬರ್ 25ರಂದು, 19 ತುಂಬಿ ಒಂದು ತಿಂಗಳು ಕಳೆದ ಮೇಲೆ, ಅವನು ಮೊದಲ ವೃತ್ತಿಪರ ಪಂದ್ಯ ಆಡಿದ. ಎರಡನೇ ಸುತ್ತಿನಲ್ಲಿ ನಾಕೌಟ್. ಮುಂದಿನ ಪಂದ್ಯವೂ ನಾಕೌಟ್. ಹೀಗೆ ಸಾಲಾಗಿ 17. 1979ರಲ್ಲಿ ಅಲ್ಫಾನ್ಸೊ ಹೇಮನ್ ಎಂಬಾತ ಹತ್ತೂ ಸುತ್ತು ನಿಂತೇ ಸೋತದ್ದು ಸುದ್ದಿಯಾಯಿತು, ಏಕೆಂದರೆ ಅಲ್ಲಿಯವರೆಗೆ ಹರ್ನ್ಸ್ ಎದುರು ಕೊನೆಯ ಗಂಟೆ ಕೇಳಿಸಿಕೊಂಡವರೇ ಇರಲಿಲ್ಲ. ಅವನ ವೃತ್ತಿಜೀವನದ ಕೊನೆಯ ಲೆಕ್ಕ 61 ಗೆಲುವು, ಅದರಲ್ಲಿ 48 ನಾಕೌಟ್.

ಗುದ್ದು ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವುದಿಲ್ಲ ಎಂಬ ಮಾತನ್ನು ಬಾಕ್ಸಿಂಗಿನವರ ನಡುವೆ ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಒಳ್ಳೆಯ ಕೋಚ್‌ಗಳೂ ಹಾಗೆ ಹೇಳುತ್ತಾರೆ. ಕೇಳಿದಾಗೆಲ್ಲ ನೆನಪಾಗುವುದು ಹರ್ನ್ಸ್‌ನ ಬಲಗೈ. ಅದೇ ದೇಹ, ಅದೇ ತೋಳು, ಅದೇ ಗುರು. ಹಾಗಾದರೆ 1977ರ ಆ ಕೆಲವು ತಿಂಗಳಲ್ಲಿ ಬದಲಾದದ್ದೇನು?

ನೆಲಮಾಳಿಗೆಯ ಗರಡಿ

ಡೆಟ್ರಾಯಿಟ್‌ನ ಕ್ರಾಂಕ್ ಎಂಬ ಸಾರ್ವಜನಿಕ ಮನರಂಜನಾ ಕೇಂದ್ರದ ನೆಲಮಾಳಿಗೆಯಲ್ಲಿ ಒಂದು ಬಾಕ್ಸಿಂಗ್ ಕೋಣೆ. ಬೇಕೆಂದೇ ಬಿಸಿ ಏರಿಸಿಟ್ಟು, ಗೋಡೆಗಳೂ ಬೆವರುವಂತೆ ಇರುತ್ತಿದ್ದ ಜಾಗ ಅದು. ಅಲ್ಲಿ ಕಲಿಸುತ್ತಿದ್ದವರು ಇಮ್ಯಾನ್ಯುಯೆಲ್ ಸ್ಟೀವರ್ಡ್. 1963ರಲ್ಲಿ ಬ್ಯಾಂಟಮ್‌ವೇಟ್ ಎಂಬ ಹಗುರ ತೂಕದ ವಿಭಾಗದಲ್ಲಿ ಗೋಲ್ಡನ್ ಗ್ಲೌಸ್ ಎಂಬ ರಾಷ್ಟ್ರೀಯ ಅಮೆಚೂರ್ ಪಂದ್ಯಾವಳಿ ಗೆದ್ದವರು, ಆಮೇಲೆ ಹೊಟ್ಟೆಪಾಡಿಗೆ ನಗರದ ವಿದ್ಯುತ್ ಕಂಪನಿಯಲ್ಲಿ ಕೆಲಸ ಹಿಡಿದವರು. ನಮ್ಮ ಕಡೆಯ ಗರಡಿಮನೆ ಉಸ್ತಾದರನ್ನು ನೆನೆಸಿಕೊಳ್ಳಿ: ಹಗಲು ಬೇರೆ ದುಡಿಮೆ, ಸಂಜೆ ಹುಡುಗರು. ಹೆಚ್ಚುಕಡಿಮೆ ಅದೇ ಬದುಕು.

ಹರ್ನ್ಸ್ ಹುಟ್ಟಿದ್ದು ಟೆನ್ನೆಸಿಯಲ್ಲಿ, 1958ರ ಅಕ್ಟೋಬರ್ 18ರಂದು, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಸ್ಟೀವರ್ಡ್ ಕೈಗೆ ಬಂದಾಗ ಕಡ್ಡಿಯಂಥ ಹುಡುಗ. ಮುಂದೆ ಆರಡಿ ಒಂದಂಗುಲ ಬೆಳೆದ. ಚಾಚಿದ ಎರಡು ಕೈಗಳ ಅಳತೆ 78 ಅಂಗುಲ, ಅಂದರೆ ಸುಮಾರು 198 ಸೆಂಟಿಮೀಟರ್. 63–67 ಕಿಲೋ ತೂಕದ ವಿಭಾಗದಲ್ಲಿ ಇಷ್ಟು ಉದ್ದದ ಹುಡುಗ ಸಿಕ್ಕರೆ ಯಾವ ಕೋಚ್ ಆದರೂ ಮೊದಲು ಕಲಿಸುವುದು ಎಡಗೈ ಜ್ಯಾಬ್, ಅಂದರೆ ಮುಂದಿನ ಕೈ ಚಾಚಿ ತಟ್ಟನೆ ಹೊಡೆಯುವ ನೇರ ಗುದ್ದು. ದೂರದಲ್ಲೇ ನಿಲ್ಲು, ಮುಟ್ಟು, ಹಿಂದೆ ಸರಿ. ಮತ್ತೆ ಮುಟ್ಟು, ಮತ್ತೆ ಸರಿ. 1977ರಲ್ಲಿ ಹರ್ನ್ಸ್ ಲೈಟ್ ವೆಲ್ಟರ್‌ವೇಟ್‌ನಲ್ಲಿ ರಾಷ್ಟ್ರೀಯ ಗೋಲ್ಡನ್ ಗ್ಲೌಸ್ ಮತ್ತು ಎ.ಎ.ಯು. ಎಂಬ ಅಮೆಚೂರ್ ಕ್ರೀಡಾ ಸಂಘದ ರಾಷ್ಟ್ರೀಯ ಪಂದ್ಯಾವಳಿ ಎರಡನ್ನೂ ಗೆದ್ದದ್ದು ಹೀಗೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಹೊಸ ಕೋಚ್ ಬಂದು ಹಳೆಯ ಕೋಚ್‌ನ ತಪ್ಪು ತಿದ್ದಿದ ಕಥೆ ಇದಲ್ಲ. ಪಾಯಿಂಟ್ ಹೆಕ್ಕುವ ಹುಡುಗನನ್ನು ತಯಾರು ಮಾಡಿದ್ದೂ ಸ್ಟೀವರ್ಡ್, ಮಲಗಿಸುವ ಗಂಡಸನ್ನು ತಯಾರು ಮಾಡಿದ್ದೂ ಸ್ಟೀವರ್ಡ್. ಪ್ರಕರಣದ ಸ್ವಾರಸ್ಯ ಇರುವುದೇ ಅಲ್ಲಿ.

ಮೂರು ಸುತ್ತಿನ ಲೆಕ್ಕಾಚಾರ

ಆಗ ಅಮೆಚೂರ್ ಪಂದ್ಯ ಎಂದರೆ ಮೂರು ಸುತ್ತು. ತೀರ್ಪುಗಾರರಿಗೆ ಬೇಕಾಗಿದ್ದದ್ದು ಶುದ್ಧವಾಗಿ ತಾಗಿದ ಹೊಡೆತ. ಎದುರಾಳಿ ಮಂಡಿಯೂರಿ ಬಿದ್ದರೂ, ಬರೀ ತಲೆ ಹಿಂದಕ್ಕೆ ವಾಲಿದರೂ, ಲೆಕ್ಕಕ್ಕೆ ಎರಡೂ ಒಂದೇ ಹೊಡೆತವಾಗಿತ್ತು. ಇಂಥ ಕಡೆ ಜೋರಾಗಿ ಹೊಡೆಯಲು ಹೋಗುವುದು ನಷ್ಟದ ವ್ಯಾಪಾರ. ಜೋರಾಗಿ ಹೊಡೆಯಬೇಕಾದರೆ ಒಂದು ಕ್ಷಣ ನಿಲ್ಲಬೇಕು, ಕಾಲೂರಬೇಕು. ಆ ಕ್ಷಣದಲ್ಲಿ ನೀವೇ ಗುರಿಯಾಗುತ್ತೀರಿ. ಅದೇ ಹೊತ್ತಿನಲ್ಲಿ ಚುರುಕಿನ ಹುಡುಗ ನಾಲ್ಕು ಸಲ ಮುಟ್ಟಿ ಓಡಿರುತ್ತಾನೆ.

ವರ್ಷಗಟ್ಟಲೆ ಹೀಗೆ ಆಡಿದ ದೇಹ ಒಂದು ಪಾಠ ಕಲಿತುಬಿಡುತ್ತದೆ: ಹೊಡೆಯುವಾಗಲೇ ಹಿಂದೆ ಸರಿಯುವುದು. ಮುಷ್ಟಿ ಮುಂದೆ ಹೋಗುತ್ತಿರುತ್ತದೆ, ಮೈತೂಕ ಆಗಲೇ ಹಿಂಗಾಲಿನ ಕಡೆ ವಾಲಿರುತ್ತದೆ. ತೋಳು ಒಂದು ಊರಿಗೆ, ಮೈ ಇನ್ನೊಂದು ಊರಿಗೆ. ಗುರಿ ಮುಟ್ಟುವುದು ಬರೀ ತೋಳು. ಮನುಷ್ಯನ ಒಂದು ತೋಳಿನ ತೂಕ ಮೈತೂಕದ ನೂರಕ್ಕೆ ಐದರಷ್ಟು. 66 ಕಿಲೋ ಹುಡುಗನಿಗೆ ಮೂರು ಕಿಲೋ ಚಿಲ್ಲರೆ. ಎದುರಾಳಿಯ ದವಡೆಗೆ ತಲುಪುತ್ತಿದ್ದದ್ದು ಆ ಚಿಲ್ಲರೆ. ಮಿಕ್ಕ 63 ಕಿಲೋ ಮನೆಯ ದಾರಿ ಹಿಡಿದಿರುತ್ತಿತ್ತು.

ಹರ್ನ್ಸ್‌ನ ತೋಳಿನಲ್ಲಿ ಶಕ್ತಿ ಕಡಿಮೆಯಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಇದ್ದ ಶಕ್ತಿ ದಾರಿಯಲ್ಲೇ ಚೆಲ್ಲಿಹೋಗುತ್ತಿತ್ತು, ಚೆಲ್ಲುವುದನ್ನು ಪದಕಗಳು ಪ್ರೋತ್ಸಾಹಿಸುತ್ತಿದ್ದವು.

ಕೂತು ಹೊಡೆಯುವುದು

ಇಂಗ್ಲಿಷ್ ಮಾತಾಡುವ ಬಾಕ್ಸಿಂಗ್ ಕೋಣೆಗಳಲ್ಲಿ ಗುದ್ದಿನ ಮೇಲೆ 'ಕೂರುವುದು' ಎಂಬ ಮಾತಿದೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಆಮೇಲೆ ಅರ್ಥವಾದದ್ದು ಅಗಸರ ಕಲ್ಲು ನೆನಪಾದಾಗ. ಹೊಳೆದಂಡೆಯಲ್ಲಿ ಒದ್ದೆ ಜಮಖಾನ ಎತ್ತಿ ಕಲ್ಲಿಗೆ ಬಡಿಯುವವರನ್ನು ನೋಡಿ. ಕಾಲು ಅಗಲಿಸಿ, ಮಂಡಿ ಸಡಿಲಿಸಿ, ಸೊಂಟ ಇಳಿಸಿಯೇ ಬಡಿಯುವುದು. ನೆಟ್ಟಗೆ ನಿಂತು ಬರೀ ಕೈಯಲ್ಲಿ ಬಡಿದರೆ ಹತ್ತು ನಿಮಿಷಕ್ಕೆ ಹೆಗಲು ಹೋಗುತ್ತದೆ, ಕೊಳೆ ಅಲ್ಲೇ ಇರುತ್ತದೆ.

ಸ್ಟೀವರ್ಡ್ ಹರ್ನ್ಸ್‌ನಲ್ಲಿ ತಂದ ಬದಲಾವಣೆಯ ತಿರುಳು ಇದೇ: ಹೊಡೆಯುವ ಗಳಿಗೆಯಲ್ಲಿ ನೆಲ ಹಿಡಿಯುವುದು. ಅವನ ವೃತ್ತಿಪರ ಪಂದ್ಯಗಳ ದೃಶ್ಯ ಇಂದು ಯಾರು ಬೇಕಾದರೂ ನೋಡಬಹುದು. ವೇಗ ತಗ್ಗಿಸಿ, ಬಲಗೈ ಹೊರಡುವ ಮುಂಚಿನ ಅರ್ಧ ಕ್ಷಣವನ್ನು ಮಾತ್ರ ನೋಡಿ. ಕೈ ನೋಡಬೇಡಿ, ಕಾಲು ನೋಡಿ.

ಮೊದಲು ಅಲುಗುವುದು ಬಲಗಾಲಿನ ಹಿಮ್ಮಡಿ. ಅದು ನೆಲ ಬಿಟ್ಟು ಹೊರಕ್ಕೆ ತಿರುಗುತ್ತದೆ, ಬೆರಳ ಬುಡ ಮಾತ್ರ ನೆಲದಲ್ಲಿ; ಬೀಡಿ ತುಂಡು ಹೊಸಕಿ ಆರಿಸಿದ ಹಾಗೆ. ಹಿಮ್ಮಡಿ ತಿರುಗಿದ್ದಕ್ಕೆ ಮಂಡಿ ಒಳಕ್ಕೆ ಬರುತ್ತದೆ, ಮಂಡಿ ಬಂದದ್ದಕ್ಕೆ ಸೊಂಟದ ಬಲಭಾಗ ಮುಂದಕ್ಕೆ ಹಾಯುತ್ತದೆ. ಸೊಂಟ ಹೊರಟಾಗಲೂ ಹೆಗಲು ಇನ್ನೂ ಹಿಂದೆಯೇ ಇದೆ; ನಡು ತಿರುಚಿದ ಹಗ್ಗದಂತಾಗುವುದು ಆಗ. ಆ ಹಗ್ಗ ಬಿಚ್ಚಿಕೊಂಡಾಗ ಹೆಗಲು ಸುತ್ತಿ ಬರುತ್ತದೆ, ಹೆಗಲ ಹಿಂದೆ ಮೊಣಕೈ, ಮೊಣಕೈ ಹಿಂದೆ ಮುಷ್ಟಿ. ಕೊನೆಗೆ ಬಲಹೆಗಲು ಗದ್ದವನ್ನು ಸವರಿ ಅದಕ್ಕೂ ಮುಂದೆ ಹೋಗಿರುತ್ತದೆ. ಮುಷ್ಟಿ ಈ ಮೆರವಣಿಗೆಯ ಕೊನೆಯ ವ್ಯಕ್ತಿ.

ಎಡಗಾಲಿನ ಕೆಲಸ ಯಾರೂ ಗಮನಿಸುವುದಿಲ್ಲ. ಮೈ ಮುಂದಕ್ಕೆ ನುಗ್ಗಿದಾಗ ಎಡಗಾಲು ಗೂಟದ ಹಾಗೆ ತಡೆದು ನಿಲ್ಲಿಸುತ್ತದೆ. ವೇಗದ ಬೌಲರ್ ಓಡಿ ಬಂದು ಮುಂಗಾಲು ಬಿಗಿಯಾಗಿ ನೆಟ್ಟಾಗ ಓಟದ ವೇಗವೆಲ್ಲ ಮೇಲಕ್ಕೆ ಹತ್ತಿ ಕೈಗೆ ಬರುತ್ತದಲ್ಲ, ಇಲ್ಲಿಯೂ ಅದೇ. ಮುಂಗಾಲು ಮಣಿದರೆ ಮೈ ಮುಂದಕ್ಕೆ ಜಾರುತ್ತದೆ, ಗುದ್ದು ತಳ್ಳಾಟವಾಗುತ್ತದೆ.

ಹರ್ನ್ಸ್ ನಿಲ್ಲುತ್ತಿದ್ದ ಭಂಗಿಯೂ ಇದಕ್ಕೆ ಸಹಾಯ ಮಾಡಿತು. ಎಡಹೆಗಲು ಎದುರಾಳಿಯ ಕಡೆ, ಮೈ ಪಕ್ಕಕ್ಕೆ, ಎಡಗೈ ಸೊಂಟದ ಹತ್ತಿರ ಇಳಿಬಿಟ್ಟು ಅಲ್ಲಿಂದಲೇ ಚಾವಟಿ ಬೀಸಿದ ಹಾಗೆ ಜ್ಯಾಬ್. ಪಕ್ಕಕ್ಕೆ ನಿಂತವನ ಬಲಹೆಗಲು ಎಷ್ಟು ಹಿಂದಿರುತ್ತದೋ ಅಷ್ಟು ದೂರ ಸುತ್ತಿ ಬರಬೇಕು. ದಾರಿ ಉದ್ದವಾದಷ್ಟೂ ವೇಗ ಕೂಡಿಕೊಳ್ಳುತ್ತದೆ. ಆದರೆ ಎಡಗೈ ಕೆಳಗಿದ್ದರೆ ಮುಖ ಬಯಲು. ಹೊಸಬರು ಇದನ್ನು ನಕಲು ಮಾಡಬಾರದು. 78 ಅಂಗುಲದ ತೋಳಿದ್ದವನಿಗೆ ಸಿಗುವ ರಿಯಾಯಿತಿ ಅದು, ಅವನಿಗೂ ಸದಾ ಸಿಗಲಿಲ್ಲ.

ದೂರದ ಅಳತೆಯ ಬಗ್ಗೆ ಒಂದು ಮಾತು. ಮುಷ್ಟಿಗೆ ಗರಿಷ್ಠ ವೇಗ ಬರುವುದು ತೋಳು ಪೂರ್ತಿ ಚಾಚುವುದಕ್ಕೆ ತುಸು ಮುಂಚೆ. ಹತ್ತಿರ ಹೋದರೆ ವೇಗ ಕಟ್ಟಿಕೊಳ್ಳುವ ಮೊದಲೇ ಗುರಿ ಅಡ್ಡ ಬರುತ್ತದೆ, ದೂರ ನಿಂತರೆ ತೋಳು ತಾನೇ ಬ್ರೇಕ್ ಹಾಕಿಕೊಂಡಿರುತ್ತದೆ. ಉದ್ದ ತೋಳಿನವನಿಗೆ ಎದುರಾಳಿಯನ್ನು ಆ ಸರಿಯಾದ ದೂರದಲ್ಲಿ ಹಿಡಿದಿಡುವುದೇ ದೊಡ್ಡ ಕೆಲಸ. ಹರ್ನ್ಸ್‌ಗೆ ಅದನ್ನು ಮಾಡಿಕೊಟ್ಟದ್ದು ಅಮೆಚೂರ್ ಕಾಲದ ಅದೇ ಜ್ಯಾಬ್. ಮೊದಲು ಪಾಯಿಂಟ್ ತರುತ್ತಿದ್ದ ಎಡಗೈ ಈಗ ಅಳತೆಗೋಲಾಯಿತು. 155 ಗೆಲುವಿನ ಕಲಿಕೆ ದಂಡವಾಗಲಿಲ್ಲ, ಅದರ ಉದ್ಯೋಗ ಬದಲಾಯಿತು.

ಅಳೆದವರು ಕಂಡದ್ದು

ಗರಡಿಯ ಮಾತು ನಂಬದವರಿಗೆ ಪ್ರಯೋಗಾಲಯದ ಮಾತೂ ಇದೆ. 1980ರ ದಶಕದ ನಡುವಿನಲ್ಲಿ ಸೋವಿಯತ್ ಸಂಶೋಧಕರು 120 ಬಾಕ್ಸರ್‌ಗಳ ನೇರ ಬಲಗೈ ಗುದ್ದನ್ನು ಅಳೆದು, ಯಾವ ಅಂಗದ ಪಾಲು ಎಷ್ಟೆಂದು ಲೆಕ್ಕ ಹಾಕಿದರು. ಮೇಲ್ದರ್ಜೆಯವರಲ್ಲಿ ಹಿಂಗಾಲಿನ ಒದೆತಕ್ಕೆ ನೂರಕ್ಕೆ ಸುಮಾರು 38, ನಡು ತಿರುಗುವುದಕ್ಕೆ 37, ತೋಳಿಗೆ 24. ಕೆಳದರ್ಜೆಯವರಲ್ಲಿ ಕಾಲಿನ ಪಾಲು 17ಕ್ಕೆ ಇಳಿದಿತ್ತು, ತೋಳಿನ ಪಾಲು 38ಕ್ಕೆ ಏರಿತ್ತು. ಕಲಿಯುತ್ತ ಹೋದಂತೆ ಗುದ್ದು ಹೆಗಲಿನಿಂದ ಕೆಳಗಿಳಿಯುತ್ತದೆ.

ಇನ್ನೊಂದು ಅಧ್ಯಯನ ನಡೆದದ್ದು ಹರ್ನ್ಸ್‌ನ ಊರಿನಲ್ಲೇ, ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಪ್ರಕಟವಾದದ್ದು 2005ರಲ್ಲಿ. ಹಗುರ ತೂಕದ ಫ್ಲೈವೇಟ್‌ನಿಂದ ಭಾರಿ ತೂಕದ ಸೂಪರ್ ಹೆವಿವೇಟ್‌ವರೆಗಿನ ಏಳು ಒಲಿಂಪಿಕ್ ಬಾಕ್ಸರ್‌ಗಳು ಗೊಂಬೆಯೊಂದರ ದವಡೆಗೆ ಹೊಡೆದರು. ಕೈಯ ಸರಾಸರಿ ವೇಗ ಸೆಕೆಂಡಿಗೆ 9 ಮೀಟರ್ ಚಿಲ್ಲರೆ, ಸರಾಸರಿ ಬಲ 3,400 ನ್ಯೂಟನ್ ಆಸುಪಾಸು. ದೊಡ್ಡ ತೂಕದವರ ಹೊಡೆತ ಹೆಚ್ಚು ಬಲವಾಗಿತ್ತು, ಆದರೆ ಕೈಯ ವೇಗ ಹೆಚ್ಚಿದ್ದರಿಂದ ಅಲ್ಲ. ಮುಷ್ಟಿಯ ಹಿಂದೆ ಕೆಲಸ ಮಾಡಿದ ತೂಕ ಹೆಚ್ಚಿತ್ತು. ಈ ತೂಕಕ್ಕೆ ಅವರು ಕೊಟ್ಟ ಸರಾಸರಿ ಅಂಕಿ 2.9 ಕಿಲೋ. ನೂರು ಕಿಲೋ ಮನುಷ್ಯ ಬಂದು ಡಿಕ್ಕಿ ಹೊಡೆದರೂ ಲೆಕ್ಕಕ್ಕೆ ಬರುವುದು ಕೆಲವು ಕಿಲೋ ಮಾತ್ರ! ನಡುವಿನ ಕೀಲುಗಳು ಎಷ್ಟು ಗಟ್ಟಿಯಾಗಿ ಒಂದಕ್ಕೊಂದು ಬೆಸೆದಿವೆ ಎನ್ನುವುದರ ಮೇಲೆ ಆ ತೂಕ ಏರಿಳಿಯುತ್ತದೆ. ಮಣಿಕಟ್ಟು ಮಡಚಿದರೆ ಹೋಯಿತು, ಮೊಣಕೈ ಹೊರಕ್ಕೆ ಎದ್ದರೆ ಹೋಯಿತು, ಹಿಂಗಾಲು ಗಾಳಿಯಲ್ಲಿದ್ದರೂ ಹೋಯಿತು.

ಅದಕ್ಕೂ ಮುಂಚೆ, 1985ರಲ್ಲಿ, ಬ್ರಿಟನ್‌ನ ಹೆವಿವೇಟ್ ಫ್ರಾಂಕ್ ಬ್ರೂನೊನ ಗುದ್ದು ಅಳೆದಾಗ ಬಲ ಶಿಖರಕ್ಕೆ ಏರಿದ್ದು ತಾಗಿದ ಬಳಿಕ ಸೆಕೆಂಡಿನ ಸಾವಿರದಲ್ಲಿ 14 ಪಾಲಿನೊಳಗೆ. ಮುಷ್ಟಿ ಬಿಗಿಯಬೇಕಾದದ್ದು ಆ ರೆಪ್ಪೆ ಬಡಿಯುವುದಕ್ಕೂ ಕಡಿಮೆ ಹೊತ್ತಿಗೆ. ಅದಕ್ಕೂ ಮುಂಚಿನಿಂದ ಬಿಗಿದುಕೊಂಡೇ ಇದ್ದರೆ, ಎಳೆಯುವ ಸ್ನಾಯುವೂ ತಡೆಯುವ ಸ್ನಾಯುವೂ ಒಟ್ಟಿಗೆ ಕೆಲಸ ಮಾಡಿ ಕೈ ನಿಧಾನವಾಗುತ್ತದೆ. ಸಿಟ್ಟಿನಿಂದ ಹೊಡೆಯುವವನ ಗುದ್ದು ಹಗುರವಾಗಿರುವುದು ಇದೇ ಕಾರಣಕ್ಕೆ.

ಎರಡು ಸಾಕ್ಷಿ

1980ರ ಆಗಸ್ಟ್ 2, ಡೆಟ್ರಾಯಿಟ್‌ನ ಜೋ ಲೂಯಿ ಅರೀನಾ. ಎದುರಿಗೆ ಮೆಕ್ಸಿಕೊದ ಪಿಪಿನೊ ಕ್ವೆವಾಸ್. 1976ರಿಂದ ಡಬ್ಲ್ಯುಬಿಎ (ವಿಶ್ವ ಬಾಕ್ಸಿಂಗ್ ಸಂಘ) ಕೊಡುವ ವೆಲ್ಟರ್‌ವೇಟ್ ಕಿರೀಟ ಹಿಡಿದು 11 ಸಲ ಉಳಿಸಿಕೊಂಡವನು, ತಾನೇ ಭಾರಿ ಹೊಡೆತಗಾರ. ಎರಡನೇ ಸುತ್ತಿನಲ್ಲಿ ಹರ್ನ್ಸ್‌ನ ಒಂದು ಬಲಗೈ ಬಿದ್ದು ಕ್ವೆವಾಸ್ ತತ್ತರಿಸಿದ. ಇನ್ನೊಂದು ಬಿದ್ದು ಮುಖ ಕೆಳಗಾಗಿ ಉರುಳಿದ. ಎದ್ದನೇನೋ ನಿಜ, ಆದರೆ ಅವನ ಕಡೆಯವರೇ ಸಾಕು ಎಂದರು.

1984ರ ಜೂನ್ 15, ಲಾಸ್ ವೇಗಸ್. ಎದುರಿಗೆ ಪನಾಮಾದ ರಾಬರ್ಟೊ ಡುರಾನ್. ಏಳು ತಿಂಗಳ ಹಿಂದಷ್ಟೇ ಮಾರ್ವಿನ್ ಹ್ಯಾಗ್ಲರ್ ಎಂಬ ಮಿಡ್ಲ್‌ವೇಟ್ ದೈತ್ಯನ ಎದುರು 15 ಸುತ್ತೂ ನಿಂತಿದ್ದ ಗಟ್ಟಿಗ ಈ ಡುರಾನ್. ಹಿಂದೆ ಒಮ್ಮೆ ತಾನಾಗಿ ಆಟ ಬಿಟ್ಟು ನಡೆದದ್ದುಂಟು, ಆದರೆ ಹೊಡೆದು ಪ್ರಜ್ಞೆ ತಪ್ಪಿಸಿದವರು ಯಾರೂ ಇರಲಿಲ್ಲ. ಹರ್ನ್ಸ್ ಮೊದಲ ಸುತ್ತಿನಲ್ಲೇ ಎರಡು ಸಲ ಬೀಳಿಸಿದ. ಎರಡನೆಯದರಲ್ಲಿ ಹಗ್ಗದ ಕಡೆ ಒತ್ತಿ, ಎಡಗೈಯನ್ನು ಹೊಟ್ಟೆಯತ್ತ ತೋರಿಸಿ ಮೇಲಿನಿಂದ ಬಲಗೈ ಬಿಟ್ಟ. ಡುರಾನ್ ಕೈ ಕೂಡ ಊರದೆ ಮುಖ ಮುಂದಾಗಿ ಬಿದ್ದ. ಬಾಕ್ಸಿಂಗ್ ಇಷ್ಟಪಡುವವರಿಗೂ ನೋಡಲು ಕಷ್ಟವಾಗುವ ದೃಶ್ಯ ಅದು.

ಆ ಕೊನೆಯ ಹೊಡೆತದಲ್ಲಿ ತಂತ್ರದ ಇನ್ನೊಂದು ಮುಖವಿದೆ. ಬರುತ್ತದೆ ಎಂದು ಗೊತ್ತಿರುವ ಗುದ್ದಿಗೆ ಕತ್ತು ಬಿಗಿಯುತ್ತದೆ, ಗದ್ದ ಒಳಕ್ಕೆ ಹೋಗುತ್ತದೆ. ಹೊಟ್ಟೆಗೆ ಬರುವ ಗುದ್ದನ್ನು ಎದುರು ನೋಡುತ್ತಿದ್ದವನ ದವಡೆಗೆ ಬಿದ್ದರೆ ತಲೆ ಸಡಿಲವಾಗಿ ತಿರುಗುತ್ತದೆ. ಮಿದುಳಿಗೆ ಪೆಟ್ಟು ಮುಟ್ಟುವುದು ಹೆಚ್ಚಾಗಿ ಆ ತಿರುಗುವಿಕೆಯಿಂದ. ಎಡಗೈಯ ಆ ಸುಳ್ಳು ಹೊಡೆತ ಕೂಡ ಬಲಗೈಯ ಬಲದ ಒಂದು ಭಾಗ.

ಬೇರೆ ಕಾರಣಗಳೂ ಇಲ್ಲವೇ?

ಇವೆ. 155ರಲ್ಲಿ ಡಜನ್, 61ರಲ್ಲಿ 48 ಎಂದು ಅಕ್ಕಪಕ್ಕ ಇಟ್ಟು ಚಪ್ಪಾಳೆ ತಟ್ಟುವುದು ಮೋಸ. ಆಗ ಅಮೆಚೂರ್‌ನಲ್ಲಿ ಮೂರು ಸುತ್ತು, ವೃತ್ತಿಪರರ ದೊಡ್ಡ ಪಂದ್ಯಗಳಲ್ಲಿ ಹತ್ತರಿಂದ ಹದಿನೈದು. ದಣಿದವನನ್ನು ಬೀಳಿಸಲು ಹೆಚ್ಚು ಸಮಯ ಸಿಗುತ್ತದೆ. ಹೊಸ ಹುಡುಗನಿಗೆ ಮೊದಲ ಪಂದ್ಯಗಳಲ್ಲಿ ಹುಲಿಗಳನ್ನು ಯಾರೂ ಎದುರು ನಿಲ್ಲಿಸುವುದಿಲ್ಲ, ಹಾಗಾಗಿ ಆ 17ರ ಸಾಲಿನಲ್ಲಿ ಒಂದಿಷ್ಟು ಕುರಿಗಳೂ ಇದ್ದಾರು. 19ರ ಹುಡುಗ 22ರ ಗಂಡಸಾದಾಗ ಮೂಳೆ ಮಾಂಸ ತಾನಾಗಿ ತುಂಬಿಕೊಳ್ಳುತ್ತದೆ. ಅಷ್ಟು ಉದ್ದದ ಸನ್ನೆಗೋಲು ಎಲ್ಲರಿಗೂ ದೇವರು ಕೊಡುವುದೂ ಇಲ್ಲ.

ಇಷ್ಟೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ. ಕ್ವೆವಾಸ್ ಕುರಿಯಲ್ಲ, ಡುರಾನ್ ದಣಿದಿರಲಿಲ್ಲ; ಇಬ್ಬರೂ ಬಿದ್ದದ್ದು ಎರಡನೇ ಸುತ್ತಿನಲ್ಲಿ. ಇನ್ನು ಉದ್ದ ತೋಳು ಅಮೆಚೂರ್ ಕಾಲದಲ್ಲೂ ಇತ್ತು. ಸನ್ನೆಗೋಲು ಇದ್ದರೆ ಸಾಲದು, ಊರಲು ನೆಲ ಬೇಕು. ಅದೇ ಸ್ಟೀವರ್ಡ್ ಮುಂದೆ ಲೆನಾಕ್ಸ್ ಲೂಯಿ, ವ್ಲಾಡಿಮಿರ್ ಕ್ಲಿಚ್ಕೊ ಎಂಬ ಇಬ್ಬರು ಎತ್ತರದ ಹೆವಿವೇಟ್‌ಗಳನ್ನು, ಇಬ್ಬರೂ ನಾಕೌಟಾಗಿ ಸೋತು ಹೆಸರು ಕೆಡಿಸಿಕೊಂಡಿದ್ದಾಗ ಕೈಗೆತ್ತಿಕೊಂಡು, ಜ್ಯಾಬ್ ಮತ್ತು ಬಲಗೈ ಮೇಲೇ ಮತ್ತೆ ಕಟ್ಟಿ ನಿಲ್ಲಿಸಿದರು. ಒಬ್ಬನಲ್ಲಿ ಆದರೆ ಅದೃಷ್ಟ ಎನ್ನಬಹುದು, ಮೂವರಲ್ಲಿ ಆದರೆ ಕಸುಬು ಎನ್ನಬೇಕು.

ಹಳೆಯ ಪಾಯಿಂಟ್ ಹುಡುಗ ಸತ್ತಿರಲೂ ಇಲ್ಲ. 1981ರ ಸೆಪ್ಟೆಂಬರ್ 16ರಂದು ಅಮೆರಿಕದ ಇನ್ನೊಬ್ಬ ವೆಲ್ಟರ್‌ವೇಟ್ ಚಾಂಪಿಯನ್ ಶುಗರ್ ರೇ ಲೆನಾರ್ಡ್ ಎದುರು ನಡುವಿನ ಸುತ್ತುಗಳಲ್ಲಿ ಬಲವಾದ ಪೆಟ್ಟು ತಿಂದಾಗ ಹರ್ನ್ಸ್ ತಟ್ಟನೆ ಕಾಲ್ಬೆರಳ ಮೇಲೆ ಎದ್ದು, ಜ್ಯಾಬ್ ಹಾಕುತ್ತ, ಸುತ್ತುತ್ತ ಪಾಯಿಂಟ್ ಹೆಕ್ಕತೊಡಗಿದ. 14ನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿ ಲೆನಾರ್ಡ್‌ಗೆ ಗೆಲುವು ಕೊಡುವವರೆಗೆ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಅವನೇ ಮುಂದಿದ್ದ. ಹೊಡೆತಗಾರ ಓಡುಗನಾದ, ಓಡುಗನೆನಿಸಿದ್ದ ಲೆನಾರ್ಡ್ ಬೇಟೆಗಾರನಾದ. ಗುದ್ದಿನ ಬಲ ಒಂದು ಆಯ್ಕೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಂದ್ಯ ನನಗೆ ಗೊತ್ತಿಲ್ಲ. ಒಂದೇ ದೇಹ ಎರಡು ರೀತಿ ನಿಲ್ಲಬಲ್ಲದು; ಒಂದರಲ್ಲಿ ಗುದ್ದಿದೆ, ಇನ್ನೊಂದರಲ್ಲಿ ರಕ್ಷಣೆ ಇದೆ. ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ.

ನಮ್ಮ ಬ್ಯಾಗಿನ ಮುಂದೆ

ಹರ್ನ್ಸ್‌ನ ದೃಶ್ಯ ನೋಡಿ ಎದ್ದವರು ನೇರ ಗುದ್ದುವ ಬ್ಯಾಗಿಗೆ ಹೋಗಿ ಜೋರಾಗಿ ಬಾರಿಸತೊಡಗುತ್ತಾರೆ. ಅದು ಹಳೆಯ ತಪ್ಪನ್ನೇ ಗಟ್ಟಿ ಮಾಡುತ್ತದೆ. ಮೊದಲು ನಿಮ್ಮ ಗುದ್ದು ಎಲ್ಲಿ ಸೋರುತ್ತಿದೆ ಎಂದು ತಿಳಿಯಬೇಕು, ಅದಕ್ಕೆ ಬ್ಯಾಗೇ ಸಾಕು. ಹೊಡೆದಾಗ ಬ್ಯಾಗ್ ಉಯ್ಯಾಲೆಯ ಹಾಗೆ ದೂರ ಹೋಗಿ ಬಂದರೆ ನೀವು ಹೊಡೆಯುತ್ತಿಲ್ಲ, ತಳ್ಳುತ್ತಿದ್ದೀರಿ. ಸರಿಯಾದ ಗುದ್ದಿಗೆ ಬ್ಯಾಗ್ ನಡುವಿನಲ್ಲಿ ಮಡಚಿದಂತಾಗಿ ಇದ್ದಲ್ಲೇ ಅದುರುತ್ತದೆ, ಸದ್ದು ಚುಟುಕಾಗಿರುತ್ತದೆ. ಮುಷ್ಟಿ ತಾಗಿ ಅಲ್ಲೇ ಅಂಟಿಕೊಂಡಿದ್ದರೂ ತಳ್ಳಿದ್ದೇ.

ಆಮೇಲೆ ಕಾಲು. ನೇರ ಬಲಗೈ ಹಾಕಿ, ಹಾಕಿದಲ್ಲೇ ಶಿಲೆಯ ಹಾಗೆ ನಿಂತುಬಿಡಿ. ಹಿಂಗಾಲಿನ ಹಿಮ್ಮಡಿ ಹೊರಕ್ಕೆ ತಿರುಗಿದೆಯೇ? ಹೊಕ್ಕುಳು ಬ್ಯಾಗನ್ನು ನೋಡುತ್ತಿದೆಯೇ? ಮೂಗು ಮುಂದಿನ ಮಂಡಿ ದಾಟಿ ಹೋಗಿದೆಯೇ? ದಾಟಿದ್ದರೆ ನೀವು ಬೀಳುತ್ತಿದ್ದೀರಿ. ಗೆಳೆಯನಿಗೆ ಬೆರಳಿನಿಂದ ಬೆನ್ನು ತಳ್ಳಲು ಹೇಳಿ, ಗೊತ್ತಾಗುತ್ತದೆ. ಹಿಂಗಾಲು ಪೂರ್ತಿ ಎದ್ದು ಬರುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ನೋಡಲು ಉತ್ಸಾಹದ ಹಾಗೆ ಕಾಣುತ್ತದೆ, ನೆಲದ ಸಂಬಂಧ ಕಡಿದುಹೋಗಿರುತ್ತದೆ.

ಈ ತಿದ್ದುಪಡಿಯನ್ನು ಅರ್ಧ ಬಲದಲ್ಲಿ, ನಿಧಾನವಾಗಿ, ಕನ್ನಡಿಯ ಮುಂದೆ ಮಾಡಬೇಕು. ಮೊದಲ ಕೆಲವು ವಾರ ಗುದ್ದು ಮೊದಲಿಗಿಂತ ಹಗುರವಾದಂತೆ ಅನ್ನಿಸುತ್ತದೆ. ತೋಳಿನಲ್ಲಿ ಹೊಡೆದಾಗ ಹೆಗಲಿಗೆ ಆಯಾಸವಾಗುತ್ತಿತ್ತು, ಆ ಆಯಾಸವನ್ನೇ ಬಲ ಎಂದುಕೊಂಡಿದ್ದೆವು. ಮೈಯಿಂದ ಬಂದ ಗುದ್ದು ಹೊಡೆದವನಿಗೆ ಸಲೀಸು ಅನ್ನಿಸುತ್ತದೆ. ಬಹಳ ಹುಡುಗರು ಹಳೆಯ ಚಾಳಿಗೆ ಮರಳುವುದು ಇಲ್ಲೇ.

ಕೈಗೆ ಪಟ್ಟಿ ಸುತ್ತದೆ ಇದ್ಯಾವುದನ್ನೂ ಮಾಡಬೇಡಿ. ಬಲ ಬಂದ ಮೇಲೆ ಮೊದಲು ಅಪಾಯಕ್ಕೆ ಸಿಗುವುದು ನಿಮ್ಮ ಸ್ವಂತ ಮುಷ್ಟಿಯ ಮೂಳೆ. ತೋರುಬೆರಳು, ನಡುಬೆರಳ ಗೆಣ್ಣುಗಳು ಮೊದಲು ತಾಗಬೇಕು, ಮಣಿಕಟ್ಟು ಮುಂಗೈಗೆ ನೇರ ಇರಬೇಕು. ಕಿರುಬೆರಳ ಕಡೆ ತಾಗಿದರೆ ಆಗುವ ಮೂಳೆಮುರಿತಕ್ಕೆ ವೈದ್ಯರು ಬಾಕ್ಸರ್‌ನ ಹೆಸರನ್ನೇ ಇಟ್ಟಿದ್ದಾರೆ.

1985ರ ಏಪ್ರಿಲ್ 15

ಗುದ್ದು ಕಾಲಿನದು ಎಂದ ಮೇಲೆ ಕಾಲು ಹೋದಾಗ ಏನಾಗುತ್ತದೆ ಎಂಬುದನ್ನೂ ಇದೇ ಪ್ರಕರಣ ತೋರಿಸಿತು. ಲಾಸ್ ವೇಗಸ್‌ನಲ್ಲಿ ಮಿಡ್ಲ್‌ವೇಟ್ ಕಿರೀಟಕ್ಕಾಗಿ ಹ್ಯಾಗ್ಲರ್ ಎದುರು ಹರ್ನ್ಸ್. ಮೊದಲ ಗಂಟೆಯಿಂದಲೇ ಇಬ್ಬರೂ ನಿಂತಲ್ಲಿ ನಿಂತು ಹೊಡೆದಾಡಿದರು. ಮೊದಲ ಸುತ್ತಿನಷ್ಟು ಕಾದ ಮೂರು ನಿಮಿಷ ಬಾಕ್ಸಿಂಗಿನಲ್ಲಿ ಬಹಳ ಇಲ್ಲ. ಹರ್ನ್ಸ್ ತನ್ನ ಬಲಗೈಯ ಅತ್ಯುತ್ತಮ ಹೊಡೆತಗಳನ್ನು ಅಲ್ಲೇ ಖರ್ಚು ಮಾಡಿದ. ಹ್ಯಾಗ್ಲರ್ ಅಲುಗಿದ, ಬೀಳಲಿಲ್ಲ. ಮುರಿದದ್ದು ಹರ್ನ್ಸ್‌ನ ಬಲಗೈ, ಅದೇ ಸುತ್ತಿನಲ್ಲಿ.

ಎರಡನೇ ಸುತ್ತಿನಲ್ಲಿ ಅವನ ಕಾಲು ನೋಡಿ. ದೂರ ಇಡಲು ಸುತ್ತುತ್ತಾನೆ, ಆದರೆ ಹೆಜ್ಜೆ ಊರುವುದಿಲ್ಲ, ಮಂಡಿ ತೂಗಾಡುತ್ತದೆ. ಪಂದ್ಯಕ್ಕೆ ಮುಂಚೆ ಯಾರೋ ಅವನ ಕಾಲಿಗೆ ಮಾಲೀಶು ಮಾಡಿ ಕಸುವೆಲ್ಲ ತೆಗೆದುಬಿಟ್ಟಿದ್ದರು ಎಂದು ಸ್ಟೀವರ್ಡ್ ಆಮೇಲೆ ಹೇಳಿಕೊಂಡರು. ಮಾಲೀಶೋ, ಮೊದಲ ಸುತ್ತಿನ ಬೆಂಕಿಯೋ, ತೀರ್ಮಾನ ನಿಮಗೆ ಬಿಟ್ಟದ್ದು. ನನ್ನ ಮತ ಬೆಂಕಿಯ ಕಡೆ. ಆದರೆ ಸೋತ ಗುರು ಹುಡುಕಿದ ಕಾರಣ ಕೂಡ ಕಾಲೇ ಆಗಿತ್ತು. ಮೂರನೇ ಸುತ್ತಿನಲ್ಲಿ ಹ್ಯಾಗ್ಲರ್ ಮುಗಿಸಿದ.

ಮುರಿದ ಕೈ ಕೂಡಿಕೊಳ್ಳಲು ತಿಂಗಳುಗಳು ಹಿಡಿದವು. 1986ರ ಮಾರ್ಚ್ 10ರಂದು ಹರ್ನ್ಸ್ ಅದೇ ಲಾಸ್ ವೇಗಸ್‌ನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದ ಜೇಮ್ಸ್ ಶುಲರ್ ಎದುರು ಮತ್ತೆ ರಿಂಗಿಗೆ ಇಳಿದ. ಬಲಗೈಗೆ ಬೇಕಾದದ್ದು 73 ಸೆಕೆಂಡ್.